ಆಕ್ಸಿಜನ್ ಅಳೆಯುವ ಪೇಸ್‌ಮೇಕರ್: ತತ್ತ್ವ ಸರಿ, ಅದಷ್ಟೇ ಸಾಕೆ?

1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ಮಾನವದೇಹದೊಳಗೆ ಅಳವಡಿಸಿದ ಪೇಸ್‌ಮೇಕರಿನದು ಒಂದೇ ಮಿಡಿತದ ದರ. ಕುಳಿತಾಗಲೂ ಅಷ್ಟೇ, ಮೆಟ್ಟಿಲು ಹತ್ತುವಾಗಲೂ ಅಷ್ಟೇ. ಈ ಕೊರತೆಯನ್ನು ನೀಗಲು 1980ರ ದಶಕದಲ್ಲಿ ಪ್ರಯೋಗಿಸಿದ ಉಪಾಯಗಳಲ್ಲಿ ರಕ್ತದ ಆಕ್ಸಿಜನ್ ಸಂವೇದಕವೂ ಒಂದು.

ಅದರ ತತ್ತ್ವ ಸೊಗಸಾಗಿದೆ. ಬಲ ಹೃತ್ಕುಕ್ಷಿಗೆ ಇಳಿಯುವ ತಂತಿಯಲ್ಲಿ ಕೆಂಪು ಮತ್ತು ಅವಕೆಂಪು ಬೆಳಕು ಸೂಸುವ ಪುಟ್ಟ ಡಯೋಡುಗಳಿರುತ್ತವೆ. ರಕ್ತದಿಂದ ಚದರಿ ಮರಳುವ ಬೆಳಕನ್ನು ಇನ್ನೊಂದು ಡಯೋಡು ಅಳೆಯುತ್ತದೆ. ಸುಮಾರು 660 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನು ಆಕ್ಸಿಜನ್ ಕಳೆದುಕೊಂಡ ಹೀಮೋಗ್ಲೋಬಿನ್ ಹೆಚ್ಚು ಹೀರುತ್ತದೆ. ವಿಶ್ರಾಂತಿಯಲ್ಲಿ ಹೃದಯಕ್ಕೆ ಮರಳುವ ರಕ್ತದ ಆಕ್ಸಿಜನ್ ಸಂತೃಪ್ತತೆ ಶೇಕಡಾ 70-75ರಷ್ಟು. ದುಡಿಮೆಯಲ್ಲಿ ಅದು ಇಳಿಯುತ್ತದೆ. ಆಗ ಯಂತ್ರ ಮಿಡಿತ ಏರಿಸುತ್ತದೆ. ರಕ್ತದ ಪೂರೈಕೆ ಹೆಚ್ಚಿದಂತೆ ಸಂತೃಪ್ತತೆ ಚೇತರಿಸಿಕೊಳ್ಳುತ್ತದೆ. ಇದು ಋಣ ಹಿಮ್ಮಾಹಿತಿಗೆ ಒಳ್ಳೆಯ ಉದಾಹರಣೆ.

ಇದಕ್ಕೆ ಹೋಲಿಸಿದರೆ ದೇಹದ ಅಲುಗಾಟವನ್ನು ಗ್ರಹಿಸುವ ಸಂವೇದಕ ಒರಟು. ಮೆಟ್ಟಿಲು ಹತ್ತುವಾಗ ಶ್ರಮ ಹೆಚ್ಚು, ಇಳಿಯುವಾಗ ಕುಲುಕಾಟ ಹೆಚ್ಚು. ಹಾಗಾಗಿ ಅದು ಇಳಿಯುವಾಗಲೇ ಮಿಡಿತವನ್ನು ಹೆಚ್ಚು ಏರಿಸಬಹುದು! ಆದರೂ ಬಳಕೆಯಲ್ಲಿ ಗೆದ್ದದ್ದು ಅದೇ. ಏಕೆ?

ಮೊದಲನೆಯದಾಗಿ, ಆಕ್ಸಿಜನ್ ಸಂವೇದಕದ ಕಿಟಕಿ ಸದಾ ರಕ್ತದಲ್ಲಿ ಮುಳುಗಿರಬೇಕು. ಅದರ ಮೇಲೆ ಫೈಬ್ರಿನ್ ಪೊರೆ ಬೆಳೆದರೆ ಅಳತೆ ಕೆಡುತ್ತದೆ. ವಿಶೇಷ ತಂತಿ ಬೇಕು, ಡಯೋಡುಗಳು ಬ್ಯಾಟರಿಯನ್ನೂ ತಿನ್ನುತ್ತವೆ. ಚಲನೆಯ ಸಂವೇದಕವಾದರೋ ಪೇಸ್‌ಮೇಕರಿನ ಮುಚ್ಚಿದ ಡಬ್ಬಿಯೊಳಗೇ ಸುರಕ್ಷಿತ.

ಎರಡನೆಯ ಆಕ್ಷೇಪ ಇನ್ನೂ ಮುಖ್ಯ. ಸಂತೃಪ್ತತೆ ಇಳಿಯಲು ದುಡಿಮೆಯೊಂದೇ ಕಾರಣವಲ್ಲ. ರಕ್ತಹೀನತೆ, ಶ್ವಾಸಕೋಶದ ಕಾಯಿಲೆಗಳೂ ಅದನ್ನು ಇಳಿಸುತ್ತವೆ. ಮಿಡಿತ ಮಿತಿಮೀರಿ ಏರಿದರೆ ಹೃತ್ಕುಕ್ಷಿ ತುಂಬಿಕೊಳ್ಳಲು ಸಮಯ ಸಾಲದು. ದುರ್ಬಲ ಹೃದಯದಲ್ಲಿ ಆಗ ರಕ್ತದ ಹರಿವೇ ಕುಗ್ಗಿ ಸಂತೃಪ್ತತೆ ಮತ್ತಷ್ಟು ಇಳಿಯಬಹುದು. ಯಂತ್ರ ಮಿಡಿತವನ್ನು ಇನ್ನೂ ಏರಿಸೀತು. ಋಣ ಹಿಮ್ಮಾಹಿತಿ ಧನವಾಗಿ ತಿರುಗುವುದು ಹೀಗೆ. ರೋಗಿಯ ಪ್ರಾಣಕ್ಕೇ ಅಪಾಯ ಒಡ್ಡುವ ತಿರುವು ಇದು.

ಆದ್ದರಿಂದ ಆಕ್ಸಿಜನ್ ಅಳತೆಗೆ ಸಾರಥ್ಯವನ್ನು ಪೂರ್ತಿ ಒಪ್ಪಿಸುವುದು ಸರಿಯಲ್ಲ. ಮಿಡಿತಕ್ಕೆ ಗರಿಷ್ಠ ಮಿತಿ ಇರಬೇಕು. ದೇಹ ನಿಜವಾಗಿ ಚಲಿಸುತ್ತಿದೆಯೇ ಎಂದು ಇನ್ನೊಂದು ಸಂವೇದಕ ಸಾಕ್ಷಿ ಹೇಳಬೇಕು. ಶಿಕ್ಷಕರು ತರಗತಿಯಲ್ಲಿ ಹಿಮ್ಮಾಹಿತಿಯ ಸುತ್ತನ್ನು ಕಪ್ಪುಹಲಗೆಯ ಮೇಲೆ ಬರೆದಾಗ, ಅದು ಯಾವ ಸ್ಥಿತಿಯಲ್ಲಿ ತಲೆಕೆಳಗಾಗುತ್ತದೆ ಎಂಬುದನ್ನೂ ವಿದ್ಯಾರ್ಥಿಗಳಿಂದ ಹೇಳಿಸಿ. ಪೇಸ್‌ಮೇಕರ್ ಅದಕ್ಕೆ ತಕ್ಕ ಉದಾಹರಣೆ.