ಚೆಂಡೆಯ ಪೆಟ್ಟು ಮತ್ತು ಹದಿನಾರು ಮನೆಗಳು: ತೆಂಕುತಿಟ್ಟಿನ ತಾಳಗಳ ಮಿಡಿ-ಲೇಖನವನ್ನು ಕುರಿತು

ತೆಂಕುತಿಟ್ಟಿನ ತಾಳಗಳನ್ನು ಗಣಕಯಂತ್ರದ ಸೀಕ್ವೆನ್ಸರಿನಲ್ಲಿ ಬರೆಯಹೊರಟವನಿಗೆ ಮೊತ್ತಮೊದಲು ಎದುರಾಗುವುದು ಹದಿನಾರು ಮನೆಗಳ ಒಂದು ಸಾಲು. 1980ರಲ್ಲಿ ಜಪಾನಿನ ರೋಲೆಂಡ್ ಸಂಸ್ಥೆಯು ಹೊರತಂದ ಟಿಆರ್-808 ಯಂತ್ರದಲ್ಲಿ ಹದಿನಾರು ಗುಂಡಿಗಳಿದ್ದವು. ಆ ಗುಂಡಿಗಳೇ ಇಂದು ತೆರೆಯ ಮೇಲಿನ ಮನೆಗಳಾಗಿ ಉಳಿದುಕೊಂಡಿವೆ. ನಾಲ್ಕಕ್ಷರದ ಏಕತಾಳವು ಇದರಲ್ಲಿ ಸುಖವಾಗಿ ಕುಳಿತುಕೊಳ್ಳುತ್ತದೆ. ಏಳಕ್ಷರದ ತ್ರಿವುಡೆ, ಹತ್ತರ ಝಂಪೆ, ಹದಿನಾಲ್ಕರ ಅಷ್ಟತಾಳಗಳ ಗತಿಯೇನು? ಮನೆಗಳ ಸಂಖ್ಯೆಯನ್ನು ಮಾರ್ಪಡಿಸದೆ ತ್ರಿವುಡೆಯನ್ನು ಸುತ್ತಿಸಿದರೆ ಅದರ ಹದಿನಾರು ಆವರ್ತಗಳು ಯಂತ್ರದ ಏಳು ಸಾಲುಗಳನ್ನು ಮುಗಿಸಿದ ಮೇಲೆ, ಅಂದರೆ 112ನೆಯ ಅಕ್ಷರ ಕಳೆದ ಮೇಲೆಯೇ, ಎರಡರ ಆರಂಭಗಳೂ ಮತ್ತೆ ಕೂಡುತ್ತವೆ. ಈ ತೊಡಕಿಗೆ ಪರಿಹಾರವೇನೋ ಸುಲಭ. ಹೈಡ್ರೋಜನ್, ಎಲ್‌ಎಮ್‌ಎಮ್‌ಎಸ್ ಮೊದಲಾದ ಉಚಿತ ತಂತ್ರಾಂಶಗಳಲ್ಲಿ ಪ್ಯಾಟರ್ನಿನ ಉದ್ದವನ್ನು ಬೇಕಾದಂತೆ ತಿದ್ದಿಕೊಳ್ಳಬಹುದು. ಹಾಗೆ ತಿದ್ದುವ ಶ್ರಮಕ್ಕೆ ಅಂಜಿ ಏಳನ್ನು ಎಂಟಕ್ಕೆ ಎಳೆಯುವ ಸೋಮಾರಿತನವನ್ನು ನಾವು ಚರ್ಚಿಸುವುದಿಲ್ಲ. ಅದು ವಿಮರ್ಶೆಗೆ ಅರ್ಹವಾದ ವಿಷಯವಲ್ಲ.

ಯಂತ್ರವನ್ನು ಕಂಡೊಡನೆ ಪರಂಪರೆ ಕೆಟ್ಟಿತೆಂದು ಹುಯಿಲಿಡುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ, 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರು. ಬೆಂಗಳೂರಿನ ಜಿ. ರಾಜ್ ನಾರಾಯಣರು 1979ರಲ್ಲಿ ರೂಪಿಸಿದ ವಿದ್ಯುನ್ಮಾನ ತಂಬೂರಿಯ ಸಂತತಿಯು ಇಂದು ಕಚೇರಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಪಿಟೀಲು ಭಾಗವತರನ್ನು ಅನುಸರಿಸುತ್ತದೆ. ಶ್ರುತಿಪೆಟ್ಟಿಗೆಗೆ ಲಯದ ಗೊಡವೆಯೇ ಇಲ್ಲ. ಸೀಕ್ವೆನ್ಸರಾದರೋ ಲಯದ ಒಡೆತನವನ್ನೇ ಕೇಳುತ್ತದೆ.

ಇಲ್ಲಿ ಮಿಡಿಯ ಸ್ವರೂಪವನ್ನು ತುಸು ವಿವರಿಸುವುದು ಅವಶ್ಯ. 1983ರಲ್ಲಿ ರೂಢಿಗೆ ಬಂದ ಈ ಒಪ್ಪಂದವು ನಾದವನ್ನು ದಾಖಲಿಸುವುದಿಲ್ಲ. ಯಾವ ಪೆಟ್ಟು, ಎಷ್ಟು ಬಲದಿಂದ, ಯಾವ ಕ್ಷಣದಲ್ಲಿ ಬಿದ್ದಿತು ಎಂಬಿಷ್ಟನ್ನೇ ಅದು ಬರೆದಿಡುತ್ತದೆ. ಬಲವನ್ನು 1ರಿಂದ 127ರವರೆಗಿನ ಅಂಕೆಗಳಲ್ಲಿ ಹೇಳುತ್ತದೆ. ಆದುದರಿಂದ ಮಿಡಿ ಕಡತವು ಧ್ವನಿಮುದ್ರಣಕ್ಕಿಂತ ಹೆಚ್ಚಾಗಿ ಓಲೆಗರಿಗೆ ಹತ್ತಿರವಾದುದು. 1991ರ ಜನರಲ್ ಮಿಡಿ ಪಟ್ಟಿಯ ತಾಳವಾದ್ಯಗಳಲ್ಲಿ ಬೊಂಗೊ, ಕೊಂಗಾಗಳಿಗೆ ಸ್ಥಾನವಿದೆ. ಚೆಂಡೆ ಮದ್ದಳೆಗಳಿಗೆ ಇಲ್ಲ. ಅವುಗಳ ದನಿಯನ್ನು ನಾವೇ ಮುದ್ರಿಸಿ ತುಂಬಿಕೊಳ್ಳಬೇಕು.

ಓಲೆಗರಿಯನ್ನು ಓದುವವನು ಪಾಠಾಂತರಗಳ ವಿಷಯದಲ್ಲಿ ಎಚ್ಚರದಿಂದಿರುತ್ತಾನೆ. ಈ ಎಚ್ಚರವು ಸೀಕ್ವೆನ್ಸರಿನ ಮುಂದೆ ಏಕೆ ಮಾಯವಾಗುತ್ತದೆಯೋ ತಿಳಿಯದು. ವಾದಕನು ನುಡಿಸಿದುದನ್ನು ಟ್ರ್ಯಾಕಿನಲ್ಲಿ ಹಿಡಿದ ಕೂಡಲೆ 'ಕ್ವಾಂಟೈಸ್' ಎಂಬ ಆಜ್ಞೆಯಿಂದ ಪ್ರತಿಯೊಂದು ಪೆಟ್ಟನ್ನೂ ಸಮೀಪದ ಮನೆಗೆ ತಳ್ಳುವುದು ವಾಡಿಕೆ. ಕೂದಲೆಳೆಯಷ್ಟು ಹಿಂದೆ ಬಿದ್ದ ಪೆಟ್ಟು ತಪ್ಪೆಂದೇ ಯಂತ್ರದ ನಿರ್ಣಯ. ಉರುಳಿಕೆಯ ಕಡೆಯಲ್ಲಿ ಚೆಂಡೆಯವರು ವೇಷಧಾರಿಯ ಪಾದ ನೆಲಕ್ಕೆ ತಾಗುವವರೆಗೆ ಕೈಯನ್ನು ತಡೆದಿದ್ದರೆ, ಆ ತಡೆಯೂ ತಪ್ಪುಗಳ ಲೆಕ್ಕಕ್ಕೇ ಸೇರಿ ಅಳಿದುಹೋಗುತ್ತದೆ. ಹೀಗೆ ಸರಿಪಡಿಸಿದ ಕಡತವನ್ನು ಐವತ್ತು ವರ್ಷಗಳ ಅನಂತರ ತೆರೆಯುವ ಸಂಶೋಧಕನು, ತೆಂಕಿನ ತ್ರಿವುಡೆ ಇಷ್ಟು ಸಮವಾಗಿ ನಡೆಯುತ್ತಿತ್ತೆಂದು ಬರೆದರೆ ಅವನನ್ನು ದೂರುವಂತಿಲ್ಲ. ಅವನ ಕೈಗೆ ಬಂದುದು ಸಾಕ್ಷ್ಯದ ವೇಷ ತೊಟ್ಟ ಪರಿಷ್ಕರಣ.

ಹೈಡ್ರೋಜನ್ ತಂತ್ರಾಂಶವು ಒಂದೊಂದು ಪೆಟ್ಟನ್ನೂ ಮನೆಯಿಂದ ತುಸು ಮುಂದಕ್ಕೋ ಹಿಂದಕ್ಕೋ ಸರಿಸಲು ಅವಕಾಶವೀಯುತ್ತದೆ. ಇದು ಶ್ಲಾಘ್ಯ, ತಾಳ್ಮೆಯುಳ್ಳವನು ಇದರಿಂದ ವಾದಕನ ಕೈಯನ್ನು ಬಹುಮಟ್ಟಿಗೆ ಉಳಿಸಬಲ್ಲನು. ಪೆಟ್ಟುಗಳನ್ನು ಅಲ್ಲಲ್ಲಿ ಯದೃಚ್ಛೆಯಾಗಿ ಕದಲಿಸಿ 'ಮಾನವಸಹಜ'ವಾಗಿಸುವ ಸೌಕರ್ಯವೂ ಅದರಲ್ಲಿದೆ. ಇದನ್ನು ನಾವು ಒಪ್ಪಲಾರೆವು. ಮನುಷ್ಯನ ಕೈ ಕದಲುವುದಕ್ಕೆ ಕಾರಣವಿರುತ್ತದೆ; ಯಂತ್ರವು ಕಾರಣವನ್ನು ಬಿಟ್ಟು ಕದಲಿಕೆಯನ್ನು ಮಾತ್ರ ಅನುಕರಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಪ್ಯಾಟರ್ನುಗಳನ್ನು ಹಾಡಿನುದ್ದಕ್ಕೂ ಜೋಡಿಸುವಲ್ಲಿದೆ. ನಡೆ ಎಷ್ಟು ಆವರ್ತ, ಬಿಡ್ತಿಗೆ ಎಲ್ಲಿ, ಮುಕ್ತಾಯ ಯಾವಾಗ ಎಂಬುದನ್ನು ಮೊದಲೇ ಮನೆಗಳಲ್ಲಿ ತುಂಬಿಡಬೇಕು. ರಂಗದಲ್ಲಿ ಇದನ್ನು ನಿರ್ಣಯಿಸುವುದು ಭಾಗವತರ ಜಾಗಟೆ; ಆ ಜಾಗಟೆಗೂ ವೇಷಧಾರಿಯ ಮೇಲೆ ಕಣ್ಣು. ಧೀಂಗಿಣಗಳು ಹತ್ತೋ ಇಪ್ಪತ್ತೋ ಎಂಬುದು ಅಂದಿನ ದೇಹಶಕ್ತಿಗೆ, ಸನ್ನಿವೇಶಕ್ಕೆ, ಸಭೆಯ ಉತ್ಸಾಹಕ್ಕೆ ಬಿಟ್ಟುದು. ಸಿದ್ಧ ಟ್ರ್ಯಾಕಿಗೆ ಕುಣಿಯುವ ಬಾಲಕನು ಸಂಖ್ಯೆಯನ್ನು ಕಲಿಯುತ್ತಾನೆ; ಭಾಗವತರ ಮುಖ ನೋಡುವುದನ್ನು ಕಲಿಯುವುದಿಲ್ಲ.

ಆದರೂ ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ, ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲಿನ ಮಳೆಗಾಲದಲ್ಲಿ, ಜೊತೆಗಾರರಿಲ್ಲದೆ ಮದ್ದಳೆಯ ಮುಂದೆ ಕುಳಿತ ಹುಡುಗನಿಗೆ ಈ ಯಂತ್ರವನ್ನು ನಿಷೇಧಿಸುವುದು ನಮಗೆ ಸಮ್ಮತವಲ್ಲ. ನಡೆಯ ಅಭ್ಯಾಸಕ್ಕೆ ಅದು ಒದಗಲಿ. ಬಿಡ್ತಿಗೆ ಮುಕ್ತಾಯಗಳನ್ನು ಗುರುಮುಖದಿಂದಲೇ ಕಲಿಯತಕ್ಕದ್ದು. ಸಂಗ್ರಹಕಾರ್ಯದಲ್ಲಿ ತೊಡಗುವವರು ಮಾತ್ರ ಒಂದು ಕ್ರಮವನ್ನು ಪಾಲಿಸಬೇಕೆಂದು ಸೂಚಿಸುತ್ತೇವೆ: ವಾದಕನ ಕೈಯಿಂದ ಬಂದ ಟ್ರ್ಯಾಕನ್ನು ತಿದ್ದದೆ ಮೂಲಪ್ರತಿಯಾಗಿ ಇರಿಸಿ, ಸರಿಪಡಿಸಿದುದನ್ನು ಅದರ ಕೆಳಗೆ ಬೇರೊಂದು ಟ್ರ್ಯಾಕಾಗಿ ಇಡುವುದು, ಪ್ರಸಂಗ, ಪದ್ಯ, ನುಡಿಸಿದವರು, ತಿದ್ದಿದವರು, ದಿನಾಂಕ ಇವುಗಳನ್ನು ಕಡತದೊಡನೆಯೇ ಬರೆಯುವುದು, ಆ ಪದ್ಯಕ್ಕೆ ಯಾರಾದರೂ ಕುಣಿದರೇ, ಅಥವಾ ಹಿಮ್ಮೇಳ ಮಾತ್ರ ಕುಳಿತು ನುಡಿಸಿತೇ ಎಂಬುದನ್ನೂ ತಪ್ಪದೆ ನಮೂದಿಸುವುದು.