ಕಪ್ಪಗಲ್ಲಿನ ಕುಟ್ಟುಚಿತ್ರಗಳು: ಅರ್ಥನಿರ್ಣಯದ ಸಮಸ್ಯೆ

ಪ್ರಾಗೈತಿಹಾಸಿಕ ಬಂಡೆಚಿತ್ರಗಳ ಅಧ್ಯಯನದಲ್ಲಿ ‘ಏನನ್ನು ಚಿತ್ರಿಸಲಾಗಿದೆ’ ಎಂಬ ಪ್ರಶ್ನೆಗೆ ದೊರೆತ ಪ್ರಾಶಸ್ತ್ಯ, ‘ಎಲ್ಲಿ, ಹೇಗೆ ಚಿತ್ರಿಸಲಾಗಿದೆ’ ಎಂಬುದಕ್ಕೆ ಬಹುಕಾಲ ದೊರೆಯಲಿಲ್ಲ. ಬಳ್ಳಾರಿ ಸಮೀಪದ ಸಂಗನಕಲ್ಲು-ಕಪ್ಪಗಲ್ಲು ಪರಿಸರದ ಹಿರೇಗುಡ್ಡ ಇದಕ್ಕೆ ನಿದರ್ಶನ. 1892ರಲ್ಲಿ ಫಾಸೆಟ್ ಅವರೂ 1951ರಲ್ಲಿ ಗಾರ್ಡನ್ ಅವರೂ ಇಲ್ಲಿಯ ಚಿತ್ರಗಳನ್ನು ಕುರಿತು ಬರೆದರು. ಈ ಆರಂಭಿಕ ಬರಹಗಳಿಂದ ಚಿತ್ರಗಳು ವಿದ್ವತ್ ಲೋಕದ ಗಮನಕ್ಕೆ ಬಂದವು. ಆದರೆ ಆಕೃತಿಯನ್ನು ಬಂಡೆಯಿಂದ ಬೇರ್ಪಡಿಸಿ ಕಾಗದಕ್ಕೆ ಇಳಿಸುವ ಕ್ರಮದಲ್ಲಿಯೇ ಒಂದು ಕೊರತೆಯಿದೆ: ಅಲ್ಲಿ ಬಂಡೆಯು ಕೇವಲ ಹಿನ್ನೆಲೆಯಾಗುತ್ತದೆ.

ಯುರೋಪಿನ ಗವಿಚಿತ್ರಗಳನ್ನು ಬೇಟೆಯ ಯಶಸ್ಸಿಗಾಗಿ ನಡೆಸಿದ ಮಾಂತ್ರಿಕ ಕ್ರಿಯೆಯೆಂದು 1903ರಲ್ಲಿ ಸಾಲೊಮನ್ ರೈನಾಕ್ ವಿವರಿಸಿದರು. ಈ ಸೂತ್ರವನ್ನು ಕಪ್ಪಗಲ್ಲಿಗೆ ಅನ್ವಯಿಸಲಾಗದು. ಇಲ್ಲಿ ಪ್ರಧಾನವಾಗಿರುವುದು ನೀಳ ಕೊಂಬಿನ ಗೂಳಿ. ಉಟ್ನೂರಿನ ಬೂದಿದಿಬ್ಬದ ಉತ್ಖನನವು ಸುಟ್ಟ ಸಗಣಿಯ ಪದರಗಳನ್ನೂ ದನಗಳ ಗೊರಸಿನ ಗುರುತುಗಳನ್ನೂ ಹೊರಗೆಡವಿ, ದಖನ್ನಿನ ನವಶಿಲಾಯುಗದ ಜನ ಪಶುಪಾಲಕರೆಂಬುದನ್ನು ಸ್ಪಷ್ಟಪಡಿಸಿದೆ. ಸಾಕಿದ ಪ್ರಾಣಿಯ ಚಿತ್ರಕ್ಕೆ ಬೇಟೆಯ ಅರ್ಥ ಸಲ್ಲದು.

ನಿಕೋಲ್ ಬೊಯ್ವಿನ್ ಅವರು 2004ರಲ್ಲಿ ಪ್ರಕಟಿಸಿದ ಲೇಖನ ಈ ಚರ್ಚೆಗೆ ಹೊಸ ದಿಕ್ಕು ನೀಡಿತು. ಗುಡ್ಡದ ಕೆಲವು ಡೊಲರೈಟ್ ಬಂಡೆಗಳಲ್ಲಿ ಕುಟ್ಟಿ ಸವೆದ ಕುಳಿಗಳಿದ್ದು, ಅವುಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತಹ ನಾದ ಹೊಮ್ಮುತ್ತದೆ. ಕೆಲವು ಚಿತ್ರಗಳು ಸುಲಭವಾಗಿ ತಲುಪಲಾಗದ ಎಡೆಗಳಲ್ಲಿವೆ. ಆದ್ದರಿಂದ ಚಿತ್ರದಷ್ಟೇ ಬಂಡೆಯೂ, ಅದನ್ನು ಕುಟ್ಟುವ ಕ್ರಿಯೆಯೂ ಅರ್ಥಪೂರ್ಣವಾಗಿದ್ದಿರಬೇಕೆಂಬುದು ಅವರ ವಾದದ ತಿರುಳು. ಗುಡ್ಡದ ಡೊಲರೈಟ್ ಕಲ್ಲಿನಿಂದಲೇ ನವಶಿಲಾಯುಗದವರು ಕೊಡಲಿಗಳನ್ನು ತಯಾರಿಸುತ್ತಿದ್ದರೆಂಬ ಸಂಗತಿ ಈ ವಾದಕ್ಕೆ ಬಲ ನೀಡುತ್ತದೆ.

ಆದರೂ ಎರಡು ಎಚ್ಚರಗಳು ಅವಶ್ಯ. ನಾದದ ಕುಳಿಯೂ ಪಕ್ಕದ ಗೂಳಿಯೂ ಏಕಕಾಲದವೆಂದು ಸಾನ್ನಿಧ್ಯ ಮಾತ್ರದಿಂದ ಹೇಳಲಾಗದು. ಇಲ್ಲಿ ನಂತರದ ಕಾಲದವರೂ ಚಿತ್ರಗಳನ್ನು ಕುಟ್ಟಿದ್ದಾರೆ. ಮೇಲ್ಮೈಯ ಬಣ್ಣಗಟ್ಟುವಿಕೆ ಮತ್ತು ಚಿತ್ರಗಳ ಮೇಲುಹೊದಿಕೆ ಹಿಂದು-ಮುಂದನ್ನು ಸೂಚಿಸುತ್ತವೆಯೇ ಹೊರತು ವರ್ಷಗಳನ್ನಲ್ಲ. ಎರಡನೆಯದಾಗಿ, ನಾದವಿತ್ತೆಂಬುದು ಸಿದ್ಧವಾದರೂ ಅದು ಯಾವ ಆಚರಣೆಯ ನಾದವೆಂಬುದು ಸಿದ್ಧವಾಗದು. ಹೀಗಿದ್ದರೂ ಬೊಯ್ವಿನ್ ಅವರ ವಾದಕ್ಕೆ ಒಂದು ವಿಶೇಷ ಮೌಲ್ಯವಿದೆ: ಅದನ್ನು ಸ್ಥಳದಲ್ಲಿಯೇ ಪರೀಕ್ಷಿಸಬಹುದು.

ಈ ಪರೀಕ್ಷೆಗೆ ಗುಡ್ಡ ಉಳಿಯಬೇಕು. ಕಲ್ಲುಗಣಿಗಾರಿಕೆ ಈ ನೆಲೆಗೆ ಹಾನಿಯುಂಟುಮಾಡಿದೆ. ಚಿತ್ರವಿರುವ ಬಂಡೆಯೊಂದನ್ನು ಕಿತ್ತು ವಸ್ತುಸಂಗ್ರಹಾಲಯದಲ್ಲಿರಿಸಿದರೆ ಗೂಳಿ ಉಳಿದೀತು. ಅದರ ಎಡೆ, ನೆರೆಯ ಬಂಡೆ, ನಾದ ಉಳಿಯವು. ಸಂರಕ್ಷಣೆಯ ಘಟಕ ಚಿತ್ರವಲ್ಲ, ಗುಡ್ಡವೇ ಎಂಬುದನ್ನು ಈ ಅಧ್ಯಯನಗಳು ಮನಗಾಣಿಸುತ್ತವೆ.