ಸೊಟ್ಟ ಹೂದಾನಿಯ ಸೊಗಸು

ಸೌಂದರ್ಯವೆಂದರೆ ನಯ, ಸಮತೆ, ಹೊಳಪು ಎಂದು ನಂಬಿದವರಿಗೆ ಜಪಾನಿನ ಇಗಾ ಹೂದಾನಿಗಳು ತೊಡಕಿನ ಪ್ರಶ್ನೆಯನ್ನೊಡ್ಡುತ್ತವೆ. ಟೋಕಿಯೋದ ಹತಕೆಯಾಮ ಸಂಗ್ರಹಾಲಯದಲ್ಲಿರುವ ‘ಕರತಾಚಿ’ಯನ್ನೇ ತೆಗೆದುಕೊಳ್ಳೋಣ. ಕರತಾಚಿ ಎಂಬುದು ಕಿತ್ತಳೆಯ ಬಳಗದ ಒಂದು ಮುಳ್ಳುಗಿಡ. ಆವಿಗೆಯಲ್ಲಿ ಈ ಹೂದಾನಿಯ ಮೈಗಂಟಿದ ಬೂದಿ, ಚೂರುಗಳು ಮುಳ್ಳಿನಂತೆ ನಿಂತುದರಿಂದ ಅದಕ್ಕೆ ಆ ಹೆಸರು.

ಹದಿನಾರನೆಯ ಶತಮಾನದ ಕೊನೆ, ಹದಿನೇಳರ ಮೊದಲಲ್ಲಿ, ಇಂದಿನ ಮಿಎ ಪ್ರಾಂತದ ಇಗಾ ಸೀಮೆಯ ಕುಂಬಾರರು ಚಹಾವಿಧಿಗೆಂದು ಇಂಥವನ್ನು ಮಾಡಿದರು. ಬಣ್ಣದ ಲೇಪವಿಲ್ಲ. ಸೌದೆಯ ಉರಿಯಲ್ಲಿ ಹಾರಿದ ಬೂದಿ ಮಣ್ಣಿನ ಮೇಲೆ ಕರಗಿ ಹಸುರು ಗಾಜಾಗಿ ಇಳಿಯುತ್ತದೆ. ಕೆಂಡದಲ್ಲಿ ಹೂತ ಭಾಗ ಕರಕಲಾಗುತ್ತದೆ.

‘ಇದು ಬೆಂಕಿಯ ಕೃತಿ, ಮನುಷ್ಯನದಲ್ಲ’ ಎಂದು ಹೊಗಳುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ಪಾತ್ರೆಯನ್ನು ಬೇಕೆಂದೇ ಅದುಮಿ ಸೊಟ್ಟಮಾಡಿ, ಅಲಗಿನಿಂದ ಗೀರಿ, ಎರಡು ಕಿವಿಗಳನ್ನಿಟ್ಟವನು ಕುಂಬಾರ. ಆವಿಗೆಯಿಂದ ಹೊರಬಂದುದರಲ್ಲಿ ಇದು ಇರಲಿ, ಅದು ಬೇಡವೆಂದು ಆರಿಸಿದವನು ರಸಿಕ. ಆ ಆಯ್ಕೆಯೇ ವಿಮರ್ಶೆ. 1615ರಲ್ಲಿ ತೀರಿಕೊಂಡ ಚಹಾಗುರು ಫುರುತ ಒರಿಬೆಯ ಅಭಿರುಚಿಯನ್ನು ಈ ಪಾತ್ರೆಗಳಲ್ಲಿ ಕಾಣುವ ವಾಡಿಕೆಯಿದೆ.

ಔಚಿತ್ಯವಿದ್ದಲ್ಲಿ ದೋಷವೂ ಗುಣವಾದೀತೆಂದು ನಮ್ಮ ಆಲಂಕಾರಿಕರು ಬಲ್ಲರು. ಇಲ್ಲಿಯ ಔಚಿತ್ಯವೇನು? ಮಬ್ಬು ಬೆಳಕಿನ ಚಹಾಕೋಣೆ, ಗೋಡೆಯ ಗೂಡು, ಒಂದೆರಡೇ ಹೂವು. ಅತಿಥಿಗಳು ಬರುವ ಮುನ್ನ ಹೂದಾನಿಯ ಮೈಗೆ ನೀರೆರಚುತ್ತಾರೆ. ಒಣಗಿದ ಮಣ್ಣು ಆಗ ಎಚ್ಚರಗೊಂಡು ಹಸುರು ಹೊಳೆಯುತ್ತದೆ. ಆ ಒರಟಿನ ಪಕ್ಕದಲ್ಲಿ ಎಸಳಿನ ಮೃದುತ್ವ ಇಮ್ಮಡಿಯಾಗಿ ತೋರುತ್ತದೆ. ಹೂವನ್ನು ಮೆರೆಸಲೆಂದೇ ಪಾತ್ರೆ ತನ್ನ ಚೆಲುವನ್ನು ಬಿಟ್ಟುಕೊಟ್ಟಿದೆ ಎನ್ನಬಹುದು. ಗಾಜಿನ ಪೆಟ್ಟಿಗೆಯಲ್ಲಿ ನೀರಿಲ್ಲದೆ, ಹೂವಿಲ್ಲದೆ ನಿಂತದ್ದು ಅರ್ಧ ಕೃತಿ. ನಾನು ಕಂಡಿರುವ ಚಿತ್ರಗಳಲ್ಲಂತೂ ಇನ್ನೂ ಕಡಮೆ.

ಆದರೆ ಸೊಟ್ಟವೆಲ್ಲ ಸೊಗಸಲ್ಲ. ಟೋಕಿಯೋದ ಗೋಟೊ ಸಂಗ್ರಹಾಲಯದಲ್ಲಿ ‘ಹರಿದ ಚೀಲ’ವೆಂಬ ಹೆಸರಿನ ಇಗಾ ನೀರಿನ ಪಾತ್ರೆಯೊಂದಿದೆ. ಬೆಂಕಿಯಲ್ಲಿ ಕುಸಿದು, ಬಾಯ್ಬಿಟ್ಟು ಸೀಳಿಯೂ ಅದು ತನ್ನ ಭಾರದ ಮೇಲೆ ಗಟ್ಟಿಯಾಗಿ ಕೂತಿದೆ. ಅದನ್ನು ನೋಡಿ ಯಾರಾದರೂ ಲೆಕ್ಕ ಹಾಕಿ ಬಿರುಕು ಮೂಡಿಸಿದರೆ ದೊರೆಯುವುದು ಒಡೆದ ಮಡಕೆ ಮಾತ್ರ. ಸಾಲು ಮುರಿದರೆ ಸಾಕು, ಕವಿತೆಯಾಗುತ್ತದೆಂದು ನಂಬಿರುವ ನನ್ನ ವಿದ್ಯಾರ್ಥಿಗಳಿಗೆ ಈ ಎರಡು ಪಾತ್ರೆಗಳನ್ನು ತೋರಿಸಬೇಕೆನಿಸುತ್ತದೆ. ಮುರಿದದ್ದರ ಒಳಗೆ ಮುರಿಯದ ಒಂದು ನಿಲುವಿದೆಯೇ ಎಂಬುದನ್ನು ಅಲ್ಲಿಯೂ ಇಲ್ಲಿಯೂ ಕೇಳಬೇಕು.